ಗಿರಣಿ ಸಾಕಿದ ಮೈದುನ

"ಇವತ್ತು ಏನೂ ಆಗದಿರಲಪ್ಪಾ!" ಎಂದು ದಿನಾ ದೇವರಿಗೆ ಕೈಮುಗಿಯುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನು ನನ್ನ ಮೈದುನ, ನಮ್ಮವರ ತಮ್ಮ. ಜನ ಮಳೆ ಬೇಡುತ್ತಾರೆ, ಮಕ್ಕಳನ್ನು ಬೇಡುತ್ತಾರೆ, ಇವನದು ಇಷ್ಟೇ. ಸಂಜೆ ಗಿರಣಿಯಿಂದ ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದವನಿಗೆ "ಏನ್ ವಿಶೇಷಪಾ?" ಎಂದರೆ, "ಏನೂ ಇಲ್ರಿ ವೈನಿ. ಭಾಳ ಛಂದ ದಿನ!" ಎನ್ನುತ್ತಿದ್ದ.

ಪೊಲೀಸ್ ಆ್ಯಕ್ಷನ್ ಮುಗಿದ ನಾಲ್ಕಾರು ವರ್ಷಕ್ಕೆ ಕಾಸಾರಶಿರಸಿಯಲ್ಲಿ ನಮ್ಮವರು ಹಿಟ್ಟಿನ ಗಿರಣಿ ಹಾಕಿದರು. ಯಾರೋ ಮೂಲೆಗೆ ಒಗೆದಿದ್ದ ಎಣ್ಣೆ ಎಂಜಿನ್ನನ್ನು ಗಾಡಿಯಲ್ಲಿ ಹೇರಿ ತಂದು, ಬಿಚ್ಚಿ, ಜೋಡಿಸಿ, ಜೀವ ಕೊಟ್ಟವರು ಅವರೇ. ಅದನ್ನು ದಿನಾ ನಡೆಸುವುದು ತಮ್ಮನ ಪಾಲಿಗೆ ಬಂತು. ಕೆಲಸ ಹಂಚಿಹೋಯಿತಲ್ಲ ಎನ್ನುತ್ತೀರಾ? ಅಯ್ಯೋ, ಜಗಳ ಶುರುವಾದದ್ದೇ ಅಲ್ಲಿಂದ!

ನಮ್ಮವರಿಗೆ ನಡೆಯುತ್ತಿರುವ ಯಂತ್ರ ಕಂಡರೆ ಕೈ ತುರಿಸುತ್ತದೆ. ಅವರ ಕೈಯಲ್ಲಿ ತಿರುಪು ಬಿಚ್ಚುವ ಪಾನಾ ಕಂಡರೆ ಮೈದುನನ ಎದೆ ಹಾರುತ್ತದೆ. ಬೆಳಗ್ಗೆ ತನ್ನ ಹಣೆಗಿಂತ ಮೊದಲು ಎಂಜಿನ್ನಿಗೆ ವಿಭೂತಿ ಹಚ್ಚುವವನು ಅವನು. ಬೇವಿನ ಕೋಲಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತನ್ನ ಕಿವಿಗೆ ಹಚ್ಚಿ ಅದರ ನಾಡಿ ನೋಡುತ್ತಿದ್ದ. ಅವನ ಕಾನೂನು ಒಂದೇ: ಸಂತೆಯ ಹಿಂದಿನ ದಿನ ಗಿರಣಿಗೆ ಯಾರೂ ಪಾನಾ ಹಚ್ಚಬಾರದು!

"ಅದನ್ನ ಹುಟ್ಟಿಸಿದಂವ ನಾ!" ಎಂದು ಇವರು.

"ಹುಟ್ಟಿಸೂದು ಒಂದ್ ದಿನದ ಕೆಲಸ ಅಣ್ಣಾ. ಸಾಕೂದು ದಿನಾ ಅದ!" ಎಂದು ಅವನು.

ಮೂರು ಹೆತ್ತವಳಾದ ನನಗೆ ಮೊದಲರ್ಧ ಒಪ್ಪಿಗೆಯಾಗಲಿಲ್ಲ. ಉಳಿದರ್ಧಕ್ಕೆ ಮನಸ್ಸಿನಲ್ಲೇ ತಲೆಯಾಡಿಸಿದೆ.

ಇನ್ನೊಂದು ಹುಚ್ಚೂ ಇತ್ತು. ಇವರು ಹೊಸದು ಕೂರಿಸಿ ಕಿತ್ತೊಗೆದ ಪಟ್ಟಾ, ಗಾಲಿ, ತಿರುಪು ಎಲ್ಲವನ್ನೂ ಬಾಣಂತಿ ಕೂಸನ್ನು ಸುತ್ತಿದ ಹಾಗೆ ಅರಿವೆಯಲ್ಲಿ ಸುತ್ತಿ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ.

ಒಮ್ಮೆ ಇವರು ಸಂತೆಯ ಹಿಂದಿನ ಸಂಜೆಯೇ, ಮೈದುನ ಸ್ನಾನಕ್ಕೆ ಹೋದದ್ದು ನೋಡಿ, ಎಂಜಿನ್ನಿಗೆ ದೊಡ್ಡ ಗಾಲಿ ಕೂರಿಸಿಬಿಟ್ಟರು. ಬೀಸುವ ಕಲ್ಲು ಜೋರಾಗಿ ತಿರುಗಲಿ ಎಂದು. ತಿರುಗಿತು! ಮರುದಿನ ಜೋಳದ ಹಿಟ್ಟು ಹೊಗೆಯಾಡುತ್ತ ಬಿತ್ತು. ಹೆಂಗಸರು ಬುಟ್ಟಿ ಹೊತ್ತು ತಿರುಗಿ ಬಂದರು.

"ಹಿಟ್ಟು ಸುಟ್ಟದ್ರೀ ಅಣ್ಣಾರ! ರೊಟ್ಟಿ ತಟ್ಟಿದ್ರ ಹರೀತದ. ಗಂಡಗ ಏನ್ ನೀಡ್ಲಿ?"

ಮೈದುನ ಎಂಜಿನ್ ನಿಲ್ಲಿಸಿ, ಮನೆಗೆ ಓಡಿ ಬಂದು, ಪೆಟ್ಟಿಗೆಯಲ್ಲಿದ್ದ ಹಳೆಯ ಗಾಲಿ ಒಯ್ದು ಕೂರಿಸಿದ. ಮಧ್ಯಾಹ್ನದೊಳಗೆ ಹಿಟ್ಟು ತಣ್ಣಗೆ ಬಿತ್ತು.

ಊರು ಅವನನ್ನು ಹೊಗಳಿತು. ಇವರ ಮುಖ ಮಾತ್ರ ಸುಟ್ಟ ಹಿಟ್ಟಿನ ಹಾಗಾಯಿತು. "ನಾ ಸೋಲ್ತೀನಂತ ಮೊದಲೇ ಗೊತ್ತಿತ್ತೇನು? ನನ್ನ ತಪ್ಪೆಲ್ಲಾ ಗಂಟು ಕಟ್ಟಿ ಇಟ್ಟೀಯಲ್ಲ! ಆ ಪೆಟ್ಟಿಗಿ ಈ ಮನ್ಯಾಗ ಇರಬಾರದು."

"ಪೆಟ್ಟಿಗಿ ಹೋದ್ರ ನಾನೂ ಹೋಗ್ತೀನಣ್ಣಾ. ಉದಗೀರದಾಗ ಗಿರಣಿ ನಡಸವರು ಬೇಕಾಗ್ಯಾರ."

ತಾಯಿತಂದೆ ಇಲ್ಲದೆ ಒಬ್ಬರನ್ನೊಬ್ಬರು ಹಿಡಿದು ಬೆಳೆದ ಅಣ್ಣತಮ್ಮಂದಿರು ಒಂದು ಗಾಲಿಗಾಗಿ ಬೇರೆಯಾಗುವುದೆ?

ಸಂಜೆಯ ಬಸ್ಸಿಗೆ ಹೊರಟವನ ಧೋತರ ಇಡಲೆಂದು ಪೆಟ್ಟಿಗೆ ತೆರೆದೆ. ತಳದಲ್ಲೊಂದು ಕಟ್ಟಿಗೆಯ ಆಟದ ಬಂಡಿ. ಒಂದು ಗಾಲಿ ಮುರಿದಿತ್ತು. ಅದರ ಚೂರುಗಳನ್ನೂ ಬೇರೆ ಗಂಟು ಕಟ್ಟಿಟ್ಟಿದ್ದ. ತಂದು ಇವರ ಮುಂದೆ ಹಿಡಿದೆ.

ಇವರು ಬಂಡಿ ಇಸಿದುಕೊಂಡು ಮುರಿದ ಗಾಲಿಯ ಮೇಲೆ ಬೆರಳಾಡಿಸಿದರು. "ಅಂವಾ ನಾಲ್ಕು ವರ್ಷದಂವ ಇದ್ದಾಗ ನಾ ಮಾಡಿಕೊಟ್ಟಿದ್ದು. ಒಂದ್ ದಿನಾನೂ ನಡೀಲಿಲ್ಲ ಅದು."

"ನೀವು ಮಾಡಿದ್ದು ಒಂದೂ ಅಂವಾ ಒಗದಿಲ್ಲ ನೋಡ್ರಿ," ಎಂದೆ.

ಮೈದುನ ಕಟ್ಟೆಯ ಮೇಲೆ ಬಸ್ಸು ಕಾಯುತ್ತ ಕೂತಿದ್ದ. ಇವರು ಹೋಗಿ ಪಕ್ಕದಲ್ಲಿ ಕೂತು, ಪಾನಾ ಅವನ ತೊಡೆಯ ಮೇಲಿಟ್ಟರು. "ದೊಡ್ಡ ಗಾಲಿ ಇನ್ನಾ ಸ್ವಲ್ಪ ಕೆತ್ತಿದ್ರ ನಡೀತದ. ನೀ ಯಾವಾಗ ಅಂತಿ ಆವಾಗ ಕೂಡಸ್ತೀನಿ."

ಮೈದುನ ಪಾನಾ ಒರೆಸಿದ. "ನಾಳಿಗೇ ಕೂಡಸಣ್ಣಾ. ಮುಂದಿನ ಸಂತಿಗೆ ಇನ್ನಾ ವಾರ ಅದ. ಹಳೇದು ಮಾತ್ರ ನನ್ನ ಕಡೀನೇ ಇರ್ಲಿ."

ಬಸ್ಸು ಬಂತು, ಹೋಯಿತು. "ಏನಾತ್ರೀ?" ಎಂದು ಓಣಿಯ ಹೆಂಗಸರು ಕೇಳಿದರು.

ಕಣ್ಣು ಒರೆಸಿಕೊಂಡು, "ಏನೂ ಆಗಿಲ್ರಿ," ಎಂದೆ. "ಭಾಳ ಛಂದ ದಿನ!"