ನಡುಮನೆ ಸೈಕಲ್ಲು ಹಿನಕಲ್ಲನ್ನ ಸೋಲಿಸಿದ್ದು

ಸುದ್ದಿ ಹುಡುಕ್ಕೊಂಡು ನಾನು ಎಲ್ಲಿಗೂ ಹೋಗೋಳಲ್ಲ. ನಮ್ಮ ರಾಮಕೃಷ್ಣನಗರದ ಬೀದೀಲಿ ಅದು ತಾನಾಗೇ ಬಂದು ನನ್ನ ಜಗಲಿ ಮೇಲೆ ಕೂತ್ಕೊಳ್ಳುತ್ತೆ. ಬರದಿದ್ದ ವಾರ ನನಗೆ ಕಾಫಿ ರುಚಿಸಲ್ಲ. ಈ ವರ್ಷ ಮಾತ್ರ ಎದುರುಮನೆ ಲೆಕ್ಕದ ಮೇಷ್ಟ್ರು ಒಬ್ಬರೇ ಮೂರು ತಿಂಗಳು ನನ್ನನ್ನ ಸಾಕಿದ್ರು.

೧. ನಿಂತಲ್ಲೇ ಓಟ

ಮೇಷ್ಟ್ರು ಒಂದು ಸೈಕಲ್ ತಂದು ನಡುಮನೇಲಿ ಟೀವಿ ಎದುರಿಗೆ ನಿಲ್ಲಿಸಿದ್ರು. ಹಿಂದಿನ ಚಕ್ರ ಇಲ್ಲ, ಅದರ ಜಾಗದಲ್ಲಿ ಒಂದು ಪೆಟ್ಟಿಗೆ. ಇವರು ಇಲ್ಲಿ ತುಳಿದ್ರೆ ಟೀವೀಲಿ ಒಂದು ಗೊಂಬೆ ಮೇಷ್ಟ್ರು ರಸ್ತೇಲಿ ಓಡ್ತಾರೆ. ಬೇರೆ ಬೇರೆ ಊರೋರು ಅವರವರ ಮನೇಲೇ ತುಳಿದು ಅದೇ ರಸ್ತೇಲಿ ರೇಸ್ ಆಡ್ತಾರಂತೆ.

ಮೊದಲ ಭಾನುವಾರ ನೋಡೋಕೆ ಹೋದೆ. ಮೇಷ್ಟ್ರು ಶುರುವಿಗೇ ಮೈಮೇಲೆ ದೇವರು ಬಂದೋರ ಥರ ತುಳಿದ್ರು. ಎರಡು ನಿಮಿಷ ಎಲ್ಲರಿಗಿಂತ ಮುಂದೆ. ಐದನೇ ನಿಮಿಷಕ್ಕೆ ನಾಲಿಗೆ ಆಚೆ. ಹಿಂದಿದ್ದೋರೆಲ್ಲ ದಾಟ್ಕೊಂಡು ಹೋದ್ರು. ಹಿನಕಲ್‌ನಲ್ಲಿ ತನ್ನ ಮನೇಲಿ ಕೂತು ತುಳೀತಿದ್ದ ಅವರ ಭಾಮೈದನೂ ದಾಟಿದ. ಆಮೇಲೆ ಫೋನ್ ಮಾಡಿ, "ಭಾವ, ಕಾಫಿ ಕುಡ್ಕೊಂಡು ನಿಧಾನಕ್ಕೆ ಬನ್ನಿ" ಅಂದ.

ಮೇಷ್ಟ್ರ ಹೆಂಡ್ತಿ ಆವತ್ತೇ ತೀರ್ಪು ಕೊಟ್ಲು. "ನೋಡ್ರಿ, ಆ ಜಾಗದಲ್ಲಿ ನಮ್ಮತ್ತೆ ಕಾಲದಿಂದ ದಸರಾ ಗೊಂಬೆ ಕೂರ್ಸೋದು. ಹಬ್ಬದೊಳಗೆ ನನ್ನ ತಮ್ಮನ್ನ ಒಂದು ಸಲ ಸೋಲಿಸಿದ್ರೆ ಸೈಕಲ್ ಇರುತ್ತೆ. ಇಲ್ಲಾಂದ್ರೆ ಗುಜರಿಗೆ."

"ಗೊಂಬೆ ಪಕ್ಕದ ರೂಮಲ್ಲಿ ಕೂರ್ಸಕ್ಕಾಗಲ್ವಾ?"

"ನೀವು ಜಗಲಿ ಮೇಲೆ ಮಲಗಕ್ಕಾಗುತ್ತಾ?"

ಮೇಷ್ಟ್ರು ಮತ್ತೆ ಸೈಕಲ್ ಹತ್ತಿದ್ರು.

೨. ಹಿಂದೆ ಬಿದ್ದಿದ್ದು

ಒಂದು ಬೆಳಗ್ಗೆ ರಂಗೋಲಿ ಹಾಕ್ತಿದ್ದೆ. ಎದುರುಮನೆ ಕಿಟಕಿಯಿಂದ ಮೇಷ್ಟ್ರ ದನಿ. ಏದುಸಿರು ಬಿಡ್ತಾ ಯಾರೋ ಸ್ನೇಹಿತನಿಗೆ ಫೋನಲ್ಲಿ ಹೇಳ್ತಿದ್ರು: "ಒಬ್ಬಳ ಹಿಂದೆ ಬಿದ್ದಿದೀನಿ ಕಣೋ. ಇವತ್ತು ಬಿಡಲ್ಲ. ಬೆನ್ನಿಗೆ ಅಂಟ್ಕೊಂಡ್ರೆ ಎಷ್ಟು ಸುಖ ಗೊತ್ತಾ."

ರಂಗೋಲಿ ಪುಡಿ ನನ್ನ ಕೈಯಲ್ಲೇ ಉಳೀತು. ಐವತ್ತೈದು ವರ್ಷದ ಲೆಕ್ಕದ ಮೇಷ್ಟ್ರು. ನಾನು ಯಾರಿಗೂ ಹೇಳ್ಲಿಲ್ಲ, ಹಾಲಿನೋನು, ಹೂವಿನೋಳು, ಮೂಲೆಮನೆಯಮ್ಮ ಇಷ್ಟು ಜನಕ್ಕೆ ಬಿಟ್ರೆ. ಹತ್ತು ಗಂಟೆಗೆ ಮೇಷ್ಟ್ರ ಹೆಂಡ್ತೀನೇ ಸೆರಗು ಸಿಕ್ಕಿಸಿಕೊಂಡು ಬಂದ್ಲು.

"ಅಜ್ಜಿ, ನಮ್ಮನೆಯವ್ರು ಹಿಂದೆ ಬಿದ್ದಿರೋದು ಟೀವಿ ಗೊಂಬೆ ಹಿಂದೆ. ರೇಸಲ್ಲಿ ಮುಂದಿರೋರು ಗಾಳಿ ತಡೀತಾರಂತೆ. ಹಿಂದೆ ಅಂಟ್ಕೊಂಡೋರಿಗೆ ತುಳಿಯೋದು ಸಲೀಸಂತೆ."

"ನಡುಮನೇಲಿ ಯಾವ ಗಾಳಿ ಕಣಮ್ಮ?"

"ಟೀವಿ ಒಳಗಿನ ಗಾಳಿಯಂತೆ."

"ಆಯ್ತು, ಅವಳು ಯಾರು?"

"ಯಾವುದೋ ದೇಶದ ಎಪ್ಪತ್ತು ವರ್ಷದ ಮುದುಕಿ. ಕೊನೇಲಿ ಇವರನ್ನ ಬಿಟ್ಟು ಹೊರಟೇ ಹೋದ್ಲಂತೆ."

ಅಷ್ಟು ಒಳ್ಳೆ ಹಗರಣ ಕೈತಪ್ಪಿ ಹೋಯ್ತಲ್ಲ ಅಂತ ಬೇಜಾರಾಯ್ತು. ಆದ್ರೂ ನನ್ನ ವಯಸ್ಸಿನೋಳು ಗೆದ್ದಳಲ್ಲ ಅಂತ ಆವತ್ತು ಒಂದು ಲೋಟ ಕಾಫಿ ಜಾಸ್ತಿ ಕುಡಿದೆ.

೩. ಐವತ್ತೆಂಟು ಕೇಜಿ

ಈ ರೇಸಿಗೆ ಅವರವರ ತೂಕ ಅವರವರೇ ಬರ್ಕೊಳ್ಳೋದಂತೆ. ತೂಕ ಕಮ್ಮಿ ಇದ್ರೆ ಟೀವಿ ಗುಡ್ಡ ಹತ್ತೋದು ಸುಲಭ. ಭಾಮೈದ ಬರ್ಕೊಂಡಿದ್ದು ಐವತ್ತೆಂಟು ಕೇಜಿ. ಮೇಷ್ಟ್ರು ಅದನ್ನ ಹೆಂಡ್ತಿಗೆ ತೋರಿಸಿದ್ರು.

"ಅವನು ಕೂತ ಉಯ್ಯಾಲೆ ಕೊಂಡಿ ಸಮೇತ ಕಿತ್ಕೊಂಡು ಬಂದಿತ್ತು. ಐವತ್ತೆಂಟು ಅಂದ್ರೆ ಅವನ ಒಂದು ಮಗ್ಗುಲು" ಅಂತ ಅವಳು ಆಗಲೇ ತಮ್ಮನಿಗೆ ಫೋನ್ ಹಚ್ಚಿದ್ಲು. "ಲೋ, ನೀನು ಐವತ್ತೆಂಟು ಇದ್ದಿದ್ದು ಯಾವಾಗ?"

"ಪೀಯೂಸೀಲಿ ಅಕ್ಕ."

"ಮತ್ತೆ ಈಗ ಸರಿ ಮಾಡು."

"ತೂಕಾನೇ ಸರಿ ಮಾಡ್ತೀನಿ ಅಕ್ಕ, ನಾಳೆಯಿಂದ ಅನ್ನ ಬಿಡ್ತೀನಿ."

೪. ಅಕ್ಕನ ಫೋನು

ಹಬ್ಬಕ್ಕೆ ಮುಂಚಿನ ಕೊನೇ ಭಾನುವಾರ ಬಂತು. ಗೊಂಬೆ ಡಬ್ಬಗಳು ಅಟ್ಟದಿಂದ ಇಳಿದು ಸೈಕಲ್ ಸುತ್ತ ಕಾಯ್ತಾ ಕೂತಿದ್ವು. ನಾನೂ ಒಂದು ಕುರ್ಚಿ ಎಳ್ಕೊಂಡು ಕೂತೆ.

ಮೇಷ್ಟ್ರು ಬುದ್ಧಿ ಕಲಿತಿದ್ರು. ಶುರುವಿಗೆ ಹಾರಾಡ್ಲಿಲ್ಲ. ಭಾಮೈದನ ಬೆನ್ನಿಗೆ ಅಂಟ್ಕೊಂಡು, ಉಸಿರು ಉಳಿಸ್ಕೊಂಡು ತುಳಿದ್ರು. ಆದ್ರೆ ಕೊನೇಲಿ ಗುಡ್ಡ ಬಂತು. ಐವತ್ತೆಂಟು ಕೇಜಿ ಗೊಂಬೆ ಹಕ್ಕಿ ಥರ ಹಾರ್ಕೊಂಡು ಹೋಯ್ತು. ಮೇಷ್ಟ್ರ ಮುಖ ಬದನೇಕಾಯಿ ಬಣ್ಣಕ್ಕೆ ತಿರುಗ್ತು, ಕಣ್ಣಲ್ಲಿ ನೀರು. ಬೆವರು ಅಂತ ಅವರು ಅಂದ್ರು.

ಹೆಂಡ್ತಿ ಗೊಂಬೆ ಒರೆಸೋ ಬಟ್ಟೆ ಕೆಳಗಿಟ್ಟು ಅಡುಗೆಮನೆಗೆ ಹೋದ್ಲು. ನನಗೂ ತಕ್ಷಣ ಬಾಯಾರಿಕೆ ಆಯ್ತು.

ಒಳಗೆ ಅವಳು ಫೋನಲ್ಲಿ, "ಲೋ, ಅಮ್ಮನ ಪಟ್ಟದ ಗೊಂಬೆ ನಿನ್ನ ಹತ್ರ ಇದೆಯೇನೋ?"

"ಅಕ್ಕ, ರೇಸಲ್ಲಿದೀನಿ."

"ಅಮ್ಮನಿಗಿಂತ ನಿನಗೆ ರೇಸ್ ಹೆಚ್ಚಾಯ್ತಾ? ಇಳಿದು ನೋಡಿ ಹೇಳು."

ಬಾಗಿಲ ಸಂದಿಯಿಂದ ಟೀವಿ ಕಾಣ್ತಿತ್ತು. ಭಾಮೈದನ ಗೊಂಬೆ ಗುಡ್ಡದ ನಡುವೆ ಕಾಲು ಕೆಳಗಿಟ್ಟು ನಿಂತ್ಬುಡ್ತು. ಮೇಷ್ಟ್ರು ಅದನ್ನ ದಾಟಿ ಗೆರೆ ಮುಟ್ಟಿದ್ರು.

"ಅಕ್ಕ, ಇದೆ, ಅಲಮಾರೀಲಿ."

"ಸರಿ, ಅಲ್ಲೇ ಇರ್ಲಿ ಬಿಡು" ಅಂತ ಇಟ್ಟುಬಿಟ್ಲು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ನೀವು ಬಂದಿದ್ದು ನೀರು ಕುಡಿಯೋಕೆ" ಅಂದ್ಲು.

ನಡುಮನೇಲಿ ಮೇಷ್ಟ್ರು ಟವೆಲ್ ಬೀಸ್ತಿದ್ರು. "ನೋಡಿದ್ಯೇನೇ, ಕೊನೇಲಿ ನಿನ್ನ ತಮ್ಮನ ದಮ್ಮೇ ಹೋಯ್ತು."

"ಹೌದು ಕಣ್ರೀ. ಪಾಪ."

ಈ ಸಲ ದಸರಾಕ್ಕೆ ಆ ಮನೇಲಿ ನಡುವೆ ಸೈಕಲ್ಲು, ಎರಡೂ ಕಡೆ ಗೊಂಬೆ. ಸೀಟಿಗೆ ಅರಿಶಿನ ಕುಂಕುಮ. ಆರತಿಗೆ ಬಂದ ಮೂಲೆಮನೆಯಮ್ಮ, "ಇದು ಯಾವ ದೇವರ ವಾಹನ ಕಣಮ್ಮ?" ಅಂತ ಕೇಳಿದ್ಲು.

ಮೇಷ್ಟ್ರ ಹೆಂಡ್ತಿ ನನ್ನನ್ನೇ ನೋಡ್ತಾ ಹೇಳಿದ್ಲು: "ನಮ್ಮನೆ ದೇವರದೇ ಕಣ್ರೀ. ಯಾರ ಹಿಂದೆ ಬಿದ್ರೂ ಮನೆ ಬಾಗಿಲು ದಾಟಲ್ಲ."