ಟ್ರ್ಯಾಕ್ಟರಿನೊಳಗಿನ ಗವರ್ನರ್

ಗವರ್ನರ್ ಹುದ್ದೆಯೇ ರದ್ದಾಗಬೇಕು ಅಂತ ಮೂವತ್ತು ವರ್ಷದಿಂದ ಗಂಟಲು ಹರಿದುಕೊಂಡವನು ನಾನು. ಎರಡು ಸಲ ಲಾಠಿ ಏಟು ತಿಂದಿದ್ದೇನೆ (ಒಂದು ಬೆನ್ನಿಗೆ; ಇನ್ನೊಂದು ಎಲ್ಲಿಗೆ ಅಂತ ಮನೆಮಂದಿಯೆಲ್ಲ ಓದುವ ಕಡೆ ಬರೆಯೋ ಹಾಗಿಲ್ಲ). ಅಂಥವನ ಟ್ರ್ಯಾಕ್ಟರಿನೊಳಗೇ ಒಬ್ಬ ಗವರ್ನರ್ ಕೂತಿದ್ದಾನೆ ಅಂತ ಗೊತ್ತಾಗಿದ್ದು ಮೊನ್ನೆ, ಮೆರವಣಿಗೆಯ ದಿನ ಬೆಳಿಗ್ಗೆ.

ಟ್ರ್ಯಾಕ್ಟರ್ ನಮ್ಮಪ್ಪನ ಕಾಲದ್ದು. ರಾಮಮೂರ್ತಿ ನಗರದ ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೆ ನೀರಿನ ಟ್ಯಾಂಕರ್ ಎಳೆಯುತ್ತಿದೆ. ಅದನ್ನು ಓಡಿಸುವವಳು ನನ್ನ ಹೆಂಡತಿ ಭಾಗ್ಯಲಕ್ಷ್ಮಿ, ಅದರ ಬಗ್ಗೆ ಮಾತಾಡುವವನು ನಾನು. ಅವತ್ತು ಹನ್ನೊಂದಕ್ಕೆ ಕೆ.ಆರ್. ಪುರದಿಂದ ಹೊರಡುವ ಗವರ್ನರ್ ವಿರೋಧಿ ಮೆರವಣಿಗೆಗೆ ಇದೇ ಟ್ರ್ಯಾಕ್ಟರ್ ಮುಂದಾಳು ಅಂತ ಕರಪತ್ರದಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದೆ. ಎಂಟಕ್ಕೆ ಸ್ಟಾರ್ಟ್ ಮಾಡಿದರೆ ಎಂಜಿನ್ ಡುರ್ರ್ ಅಂತ ಏರುತ್ತೆ, ಡುಗ್ ಡುಗ್ ಅಂತ ಇಳಿಯುತ್ತೆ, ಮತ್ತೆ ಏರುತ್ತೆ. ಥೇಟ್ ಕುಡುಕನ ಭಾಷಣ.

ಶಿವಾಜಿನಗರದಿಂದ ಮೆಕ್ಯಾನಿಕ್ ಖಾದರ್ ಬಂದು ಕಿವಿಗೊಟ್ಟು ಕೇಳಿದ.

"ಮುನಿಯಣ್ಣಾ, ಎಂಜಿನ್ ಚೆನ್ನಾಗೈತೆ. ಗವರ್ನರ್‌ದೇ ಲಫಡಾ."

"ಮೂವತ್ತು ವರ್ಷದಿಂದ ನಾನು ಬಡ್ಕೊಳ್ತಿರೋದೂ ಅದೇ ಅಲ್ವೇನಯ್ಯಾ!"

"ಆ ಗವರ್ನರ್ ಅಲ್ಲ ಅಣ್ಣಾ! ಇದು ಡೀಸೆಲ್ ಪಂಪಿಂದು. ಲೋಡ್ ಬಂದ್ರೆ ಡೀಸೆಲ್ ಜಾಸ್ತಿ ಬಿಡ್ತದೆ, ಲೋಡ್ ಇಳಿದ್ರೆ ಕಮ್ಮಿ ಮಾಡ್ತದೆ. ಎಂಜಿನ್ ಹುಚ್ಚಾಪಟ್ಟೆ ಓಡದಂಗೆ ಹಿಡ್ಕೊಂಡಿರ್ತದೆ. ಸ್ಪ್ರಿಂಗ್ ಸತ್ತಿರ್ಬೇಕು, ತರ್ತೀನಿ. ಅಲ್ಲೀವರೆಗೂ ಏನೂ ಮುಟ್ಟಬೇಡಿ."

ಅಂದರೆ ದುಡಿಯುವ ಎಂಜಿನ್ನಿಗೆ ಮೇಲಿನಿಂದ ನೇಮಕವಾದ ಅಡ್ಡಗಾಲು! ನಾನು ಸ್ಪ್ಯಾನರ್ ಎತ್ತಿಕೊಂಡೆ.

ಜಗಲಿಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಭಾಗ್ಯ ಅಲ್ಲಿಂದಲೇ ಕೂಗಿದಳು, "ರೀ, ಮುಟ್ಟಬೇಡಿ ಅಂದಿಲ್ವಾ ಅವ್ನು?"

"ನೀನು ಸುಮ್ನಿರು. ಇದು ತತ್ವದ ಪ್ರಶ್ನೆ."

"ತತ್ವಕ್ಕೆ ಸ್ಪ್ಯಾನರ್ ಯಾಕ್ರೀ?"

ಗವರ್ನರ್‌ನಿಂದ ಪಂಪಿಗೆ ಹೋಗುವ ಸರಳನ್ನು ಬಿಚ್ಚಿ ಎಸೆದು ಸ್ಟಾರ್ಟ್ ಮಾಡಿದೆ. ಎಂಜಿನ್ ಏರಿತು. ಇಳಿಯಲಿಲ್ಲ. ಇನ್ನೂ ಏರಿತು. ಕಪ್ಪು ಹೊಗೆ ಮೂರನೇ ಮಹಡಿ ಮುಟ್ಟಿತು, ಮಡ್‌ಗಾರ್ಡಿನ ಬೋಲ್ಟು ಹಾರಿ ತುಳಸಿ ಕಟ್ಟೆಗೆ ಬಡಿಯಿತು. ನಿಲ್ಲಿಸುವ ಗುಂಡಿ ಎಳೆದೆ. ತಂತಿ ಸಮೇತ ಕೈಗೇ ಬಂತು. ಲಾಠಿಗೆ ಎದೆಯೊಡ್ಡಿದ ನಾನು ನೀರಿನ ಡ್ರಮ್ಮಿನ ಹಿಂದೆ ಭೂಗತನಾದೆ.

ಭಾಗ್ಯ ಹಿಟ್ಟಿನ ಕೈಯಲ್ಲೇ ಓಡಿಬಂದು, ಗಾಳಿ ಎಳೆಯುವ ಕೊಳವೆಯ ಟೋಪಿ ಹಾರಿಸಿ, ಅದರ ಬಾಯಿಗೆ ಚಪಾತಿ ಮಣೆ ಅದುಮಿದಳು. ಎಂಜಿನ್ ಉಸಿರುಕಟ್ಟಿ ಗೊಕ್ ಅಂತ ಸತ್ತಿತು. ಮಹಡಿ ಮೇಲಿನ ಬಾಡಿಗೆದಾರರು ಚಪ್ಪಾಳೆ ತಟ್ಟಿದರು. (ನನಗಲ್ಲ.)

ಖಾದರ್ ಹೊಸ ಸ್ಪ್ರಿಂಗ್ ತಂದ. ಬಗ್ಗಿ ನೋಡಿ, ಗವರ್ನರ್ ಕೀಲಿನಿಂದ ಬಟ್ಟೆಯ ಚೂರೊಂದನ್ನು ಎಳೆದು ತೆಗೆದ.

"ಸ್ಪ್ರಿಂಗ್ ಗಟ್ಟಿಯಾಗೇ ಐತೆ ಅಣ್ಣಾ. ಇದು ಸಿಕ್ಕಾಕ್ಕೊಂಡು ಕೀಲು ಸಲೀಸಾಗಿ ಆಡ್ತಿರ್ಲಿಲ್ಲ. ಏನೋ ಬರೆದೈತಲ್ಲ?"

ಹೋದ ತಿಂಗಳು ನಾನೇ ಬಾನೆಟ್ಟಿಗೆ ಕಟ್ಟಿದ್ದ ಬ್ಯಾನರ್. ಉಳಿದಿದ್ದು ಒಂದೇ ಪದ: "ತೊಲಗಲಿ".

ಅವನು ಕೀಲಿಗೆ ಎಣ್ಣೆ ಬಿಟ್ಟು, ಸರಳು, ತಂತಿ ಎರಡನ್ನೂ ಜೋಡಿಸಿ, ಸ್ಕ್ರೂ ಕಾಲು ಸುತ್ತು ತಿರುಗಿಸಿದ. ಎಂಜಿನ್ ಹದವಾಗಿ ಡುಗುಡುಗು ಅಂದಿತು.

"ಸ್ಟೇರಿಂಗ್ ಅಕ್ಕನ ಕೈಗೆ ಕೊಡಿ. ನಿಮಗೆ ಮೈಕ್ ಸಾಕು."

ಹನ್ನೊಂದಕ್ಕೆ ಸರಿಯಾಗಿ ಮೆರವಣಿಗೆ ಹೊರಟಿತು. ಭಾಗ್ಯಳ ತೊಡೆ ಮೇಲೆ ಚಪಾತಿ ಮಣೆ ("ಇರ್ಲಿ, ನೀವೂ ಬರ್ತಿದೀರಲ್ಲ"). ಟ್ರ್ಯಾಕ್ಟರ್ ಸೇತುವೆಯನ್ನು ಏದುಸಿರಿಲ್ಲದೆ ಹತ್ತಿತು, ಮುಗ್ಗರಿಸದೆ ಇಳಿಯಿತು. ಬೆಳಿಗ್ಗೆಯ ಹೊಗೆ ಇನ್ನೂ ಮೂಗಿನಲ್ಲಿತ್ತು. ಮೈಕ್ ಹಿಡಿದು "ಗವರ್ನರ್ ತೊಲಗಲಿ" ಅನ್ನಲು ಬಾಯಿ ತೆರೆದೆ. ಮಣೆ ಕಣ್ಣಿಗೆ ಬಿತ್ತು. ಬಾಯಿಂದ ಹೊರಬಿದ್ದದ್ದು:

"ಬೇಕೇ ಬೇಕು, ಗವರ್ನರ್ ಬೇಕು!"

'ಬೇಕೇ ಬೇಕು' ಕೇಳಿದರೆ ಸಾಕು, ನಮ್ಮವರು ಯೋಚಿಸುವುದಿಲ್ಲ. ಮುನ್ನೂರು ಗಂಟಲು ಒಟ್ಟಿಗೆ ಮೊಳಗಿದವು: "ಬೇಕೇ ಬೇಕು, ಗವರ್ನರ್ ಬೇಕು!"

ಭಾಗ್ಯ ತಿರುಗಿಯೂ ನೋಡದೆ ಹೇಳಿದಳು, "ಇನ್ನೂ ಜೋರಾಗಿ ಹೇಳ್ರೀ. ಎಂಜಿನ್‌ಗೂ ಕೇಳಿಸ್ಲಿ."