ಆಟದ ಕೆಳಗೆ ಅತ್ತೆ

ಅತ್ತೆಯ ಕಾಟ ಅತ್ತೆಯ ಆಯಸ್ಸಿನೊಂದಿಗೆ ಮುಗಿಯುತ್ತದೆ ಎಂದು ನಂಬಿದ ಮೂರ್ಖರಲ್ಲಿ ನಾನೂ ಒಬ್ಬ. ನನ್ನ ಅತ್ತೆ ದೋನ್ಯಾ ಒಫೇಲಿಯಾ ತೀರಿಕೊಂಡು ಮೂವತ್ತಾರು ವರ್ಷವಾಯಿತು. ನಮ್ಮೂರು ಪಾಯ್ಸಾಂಡೂವಿನ ಸ್ಮಶಾನದಲ್ಲಿ ಪೆಟ್ಟಿಗೆಗೆ ಹೆಗಲು ಕೊಟ್ಟವನೇ ನಾನು. ಆದ್ದರಿಂದ ಆಕೆ ಸತ್ತಿರುವ ಬಗ್ಗೆ ನನಗೆ ಸಂಶಯವಿರಲಿಲ್ಲ (ಮೊನ್ನೆಯವರೆಗೆ).

ಈ ಸಾವಿನಿಂದ ನನ್ನ ಹೆಂಡತಿ ನೆಲಿದಾ ಕಳೆದುಕೊಂಡದ್ದು ಅಮ್ಮನನ್ನಷ್ಟೇ ಅಲ್ಲ, ಅಕ್ಕ ಸುಲ್ಮಾಳನ್ನೂ ಸಹ. ಅತ್ತೆ ಮಾಡುತ್ತಿದ್ದ ಪಾಸ್ತಾಫ್ರೋಲಾ ಎಂಬ ಸಿಹಿ ಊರಿಗೇ ಹೆಸರಾಗಿತ್ತು. ಹಿಟ್ಟಿನ ಮೇಲೆ ಮೆಂಬ್ರಿಯೋ ಹಣ್ಣಿನ ಹಲ್ವ, ಅದರ ಮೇಲೆ ಹಿಟ್ಟಿನ ಪಟ್ಟಿಗಳ ಜಾಲರಿ. ಅದನ್ನು ಮಾಡುವ ಕ್ರಮವನ್ನು ಕ್ಯಾಸೆಟ್ಟಿನಲ್ಲಿ ಹೇಳಿ, ಅಡುಗೆಮನೆಯ ಡ್ರಾಯರಿನಲ್ಲಿಟ್ಟಿದ್ದೇನೆ ಎಂದು ಹೇಳಿಯೇ ಆಕೆ ಕಣ್ಣು ಮುಚ್ಚಿದಳು. ಡ್ರಾಯರ್ ತೆಗೆದರೆ ಕ್ಯಾಸೆಟ್ ಇಲ್ಲ. ಕದ್ದವಳು ಸುಲ್ಮಾ ಎಂದು ನೆಲಿದಾ, ನೆಲಿದಾ ಎಂದು ಸುಲ್ಮಾ. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ, ಕತೆಯಿಲ್ಲ. ಸುಲ್ಮಾ ಸಾಲ್ಟೋ ಊರಿಗೆ ಹೋಗಿಬಿಟ್ಟಳು. ಪ್ರತಿ ಕ್ರಿಸ್‌ಮಸ್ಸಿಗೆ ನೆಲಿದಾ ಫೋನಿನ ಪಕ್ಕ ಕೂತು, ಎತ್ತದೆ, ಎದ್ದು ಹೋಗುವುದನ್ನು ನಾನು ನೋಡಿದ್ದೇನೆ. ನೋಡಲಾಗುತ್ತಿರಲಿಲ್ಲ.

ಇನ್ನು ನನ್ನ ವಿಷಯ. ನಿವೃತ್ತನಾದ ಮೇಲೆ ಬೀರುವಿನ ತಲೆಯಿಂದ ನನ್ನ ಯೌವನದ ಕಂಪ್ಯೂಟರನ್ನು ಇಳಿಸಿದೆ. ಕೀಲಿಮಣೆಯೊಳಗೇ ಇಡೀ ಯಂತ್ರ, ಟಿವಿಯೇ ಅದರ ಪರದೆ, ಆಟಗಳೆಲ್ಲ ಕ್ಯಾಸೆಟ್ಟಿನಲ್ಲಿ, ಟೇಪ್ ರೆಕಾರ್ಡರಿನ ಸದ್ದೂ ಟಿವಿಯಲ್ಲೇ. ಮೂರು ತಿಂಗಳು ಬೆಸುಗೆ ಹಾಕಿ, ಎರಡು ಬೆರಳು ಸುಟ್ಟುಕೊಂಡು, ಮೃತಸಂಜೀವಿನಿ ವಿದ್ಯೆಯಿಂದೆಂಬಂತೆ ಅದಕ್ಕೆ ಜೀವ ಬರಿಸಿದೆ. ಸ್ಥಳ, ಅತ್ತೆಯ ಹಳೆಯ ಕೋಣೆ. ಅಲ್ಲಿ ಈಗಲೂ ಆಕೆಯ ಲ್ಯಾವೆಂಡರ್ ಪುಡಿಯ ವಾಸನೆ ಹೋಗಿಲ್ಲ.

ಅಂದು ಮಧ್ಯಾಹ್ನ ಊರೆಲ್ಲ ಮಲಗಿತ್ತು. ನನ್ನ ಅಕ್ಷರವಿದ್ದ ಒಂದು ಹಳೆಯ ಕ್ಯಾಸೆಟ್ ಹಾಕಿದೆ. ಟಿವಿಯಲ್ಲಿ ಬಣ್ಣದ ಪಟ್ಟಿಗಳು ಓಡಿದವು, ಹಲ್ಲು ಜುಮ್ಮೆನಿಸುವ ಕಿರುಚಾಟ ಐದು ನಿಮಿಷ ನಡೆಯಿತು, ಆಟ ಬಂತು. ಕತ್ತಲೆಯ ಬಂಗಲೆಯಲ್ಲಿ ಒಬ್ಬ ಬಡಪಾಯಿ ದೆವ್ವಗಳಿಂದ ತಪ್ಪಿಸಿಕೊಂಡು ಓಡುವ ಆಟ. ನಾನು ಇಪ್ಪತ್ತಾರರ ಹುಡುಗನಾಗಿಬಿಟ್ಟೆ. ಟೇಪನ್ನು ನಿಲ್ಲಿಸುವುದು ಮರೆತೇಹೋಯಿತು. ಪಕ್ಕದ ತಟ್ಟೆಯಲ್ಲಿ ನೆಲಿದಾಳ ಕಣ್ಣು ತಪ್ಪಿಸಿ ನಾನು ತಂದಿಟ್ಟ ಮೆಂಬ್ರಿಯೋ ಹಲ್ವದ ತುಂಡು (ನನಗೆ ಸಕ್ಕರೆ ಕಾಯಿಲೆ, ವೈದ್ಯರ ನಿಷೇಧಾಜ್ಞೆಯಿದೆ). ಕೈ ಚಾಚಿದೆ.

ಟಿವಿಯಲ್ಲಿ ಯಾರೋ ಕೆಮ್ಮಿದರು.

"ಇಲಾರಿಯೋ, ಕೈ ತೆಗಿ. ನಾನು ನೋಡ್ತಾ ಇದ್ದೀನಿ."

ಅದೇ ಗಂಟಲು, ಅದೇ ಮೂಗಿನ ಎಳೆತ. ಹಲ್ವ ನೆಲದ ಮೇಲೆ, ನಾನು ಮಂಚದ ಹಿಂದೆ. ತೆವಳಿಕೊಂಡು ಹೋಗಿ ಪ್ಲಗ್ ಕಿತ್ತೆ. ಅಂದು ಸಂಜೆ ನಾನು ಸೂಪು ಕುಡಿಯಲಿಲ್ಲ. ಕೇಳಿ ಕೇಳಿ ನೆಲಿದಾ ಬಾಯಿ ಬಿಡಿಸಿದಳು, ಎಲ್ಲ ಕೇಳಿದ ಮೇಲೆ ನನ್ನ ಹಣೆ ಮುಟ್ಟಿ ನೋಡಿ, ಸಕ್ಕರೆ ತಲೆಗೇರಿದೆ ಎಂದು ತೀರ್ಪು ಕೊಟ್ಟಳು.

ಮರುದಿನ ಅವಳನ್ನೇ ಎದುರಿಗೆ ಕೂರಿಸಿ ಅದೇ ಕ್ಯಾಸೆಟ್ ಹಾಕಿದೆ. ಕಿರುಚಾಟ ಮುಗಿಯಿತು. ಕೆಮ್ಮು ಬಂತು. ಅಮ್ಮನ ದನಿ ಬಂತು. ನೆಲಿದಾ ಬಿಳಿಚಿಕೊಂಡು ಶಿಲುಬೆಯ ಗುರುತು ಹಾಕಿಕೊಂಡಳು. ಆದರೆ ಅವಳು ಆ ತಾಯಿಯ ಮಗಳು, ಓಡಲಿಲ್ಲ. ಟಿವಿಯ ಹತ್ತಿರ ಸರಿದು, "ಅಮ್ಮಾ, ಆ ಕ್ಯಾಸೆಟ್ ತಗೊಂಡಿದ್ದು ಸುಲ್ಮಾನೇ ಅಲ್ವಾ?" ಎಂದು ಕೇಳಿದಳು.

"ನಲವತ್ತು ನಿಮಿಷ ಓವನ್‌ನಲ್ಲಿ ಬಿಡು," ಎಂದಿತು ದನಿ. "ಬಾಗಿಲು ತೆಗೆದು ಇಣುಕಬೇಡ."

ನೆಲಿದಾ ಕಣ್ಣೀರು ಒರೆಸಿಕೊಂಡಳು. ನಿಧಾನವಾಗಿ ಅವಳ ನೋಟ ಟಿವಿಯಿಂದ ಟೇಪ್ ರೆಕಾರ್ಡರಿಗೆ ಬಂತು. ಒಳಗೆ ಚಕ್ರಗಳು ತಿರುಗುತ್ತಿದ್ದವು. ನನಗೂ ಆಗಲೇ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು. ಅವಳು ಕ್ಯಾಸೆಟ್ ಹೊರತೆಗೆದು, ನಾನು ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ನೇರಳೆ ಶಾಯಿ: ‘ನನ್ನ ಹೆಣ್ಣುಮಕ್ಕಳಿಗೆ.’

ಯಾರೂ ಅಳಿಸಬಾರದೆಂದು ಅತ್ತೆ ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಬಿಲ್ಲೆಗಳನ್ನು ಮುರಿದಿದ್ದಳು. ಆ ತೂತುಗಳಿಗೆ ಕಾಗದದ ಉಂಡೆ ತುರುಕಿದರೆ ಮತ್ತೆ ರೆಕಾರ್ಡ್ ಮಾಡಬಹುದೆಂಬ ಕಳ್ಳವಿದ್ಯೆ ನಮ್ಮ ಕಾಲದ ಆಟದ ಹುಚ್ಚರಿಗೆಲ್ಲ ಗೊತ್ತಿತ್ತು. ಹೊಸ ಕ್ಯಾಸೆಟ್ ದುಬಾರಿ, ಗೆಳೆಯನ ಆಟ ಒಂದೇ ದಿನದ ಎರವಲು, ಡ್ರಾಯರಿನಲ್ಲಿ ಕೈಗೆ ಸಿಕ್ಕಿದ್ದರ ಮೇಲೆ, ಬರಹವನ್ನೂ ಓದದೆ, ನಕಲು ಇಳಿಸಿದ್ದೆ. ಉಂಡೆಗಳು ಇನ್ನೂ ಅಲ್ಲೇ ಇದ್ದವು. ಅತ್ತೆ ಗದರಿಸಿದ್ದೂ ಅಂದಿನ ನನ್ನನ್ನೇ; ಆಕೆ ಕ್ರಮ ಹೇಳುವಾಗ ಹಲ್ವ ಕದಿಯಲು ಹೋಗಿದ್ದೆ.

"ಮುದುಕಾ," ಎಂದಳು ನೆಲಿದಾ, ಬಹಳ ಮೆಲ್ಲಗೆ. "ಮೂವತ್ತಾರು ವರ್ಷ."

ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಎದ್ದು ಹೋಗಿ ಫೋನ್ ಎತ್ತಿದಳು.

ಮರುದಿನದ ಬಸ್ಸಿಗೆ ಸುಲ್ಮಾ ಬಂದಳು. ಬಾಗಿಲಲ್ಲೇ ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿ ಅತ್ತರು. ನಾನೂ ಒಂದು ಮೂಲೆಯಲ್ಲಿ ಅತ್ತೆ, ಯಾರೂ ಗಮನಿಸಲಿಲ್ಲ. ಆಮೇಲೆ ವಿಚಾರಣೆ. ನನ್ನ ಆಟ ನುಂಗಿದ್ದು ಮೊದಲ ಐದು ನಿಮಿಷವನ್ನು, ಅಂದರೆ ಯಾವ ಸಾಮಾನು ಎಷ್ಟು ಎಂಬುದನ್ನು. ಉಳಿದದ್ದು ಓವನ್ ಮತ್ತು ನನ್ನ ಮೇಲಿನ ಬೈಗುಳ. ಶಿಕ್ಷೆಯಾಗಿ ಕಂಪ್ಯೂಟರ್ ಬೀರು ಸೇರಿತು, ಕ್ಯಾಸೆಟ್ ಸುಲ್ಮಾಳ ಕೈಚೀಲ ಸೇರಿತು. ಇಬ್ಬರೂ ನೆನಪಿನಿಂದ ಅಳೆದು ಸುರಿದು ಹನ್ನೊಂದು ಪಾಸ್ತಾಫ್ರೋಲಾ ಮಾಡಿದರು. ಹನ್ನೊಂದಕ್ಕೂ ಏನೋ ಕಡಿಮೆ. ಮತ್ತೆ ಸಣ್ಣಗೆ ಜಗಳ ಹೊತ್ತಿಕೊಂಡಿತು. ಸುಲ್ಮಾ ಬಸ್ಸಿನ ವೇಳೆ ವಿಚಾರಿಸತೊಡಗಿದಳು.

ಭಾನುವಾರ ಅವರು ಪೂಜೆಗೆಂದು ಇಗರ್ಜಿಗೆ ಹೋದರು, ಕೈಚೀಲವೂ ಹೋಯಿತು. ಹನ್ನೊಂದನೆಯದರ ಒಂದು ಚೂರು ಅತ್ತೆಯ ಕೋಣೆಯ ಮೇಜಿನ ಮೇಲಿತ್ತು. ಕೈ ಚಾಚಿದೆ. ಲ್ಯಾವೆಂಡರ್ ವಾಸನೆ ದಟ್ಟವಾಯಿತು. ಪ್ಲಗ್ ಇಲ್ಲದ ಟಿವಿ ಕೆಮ್ಮಿತು.

"ಇಲಾರಿಯೋ, ಕೈ ತೆಗಿ." ಆಮೇಲೆ, ಟೇಪಿನಲ್ಲಿ ಎಂದೂ ಇರದಿದ್ದ ಮಾತು: "ಕಿತ್ತಳೆ ಸಿಪ್ಪೆ ತುರಿದು ಹಾಕೋಕೆ ಹೇಳು. ಹಿಟ್ಟಿಗೆ ಎರಡು ಚಮಚ ಸಿಹಿ ವೈನು. ಆ ಹುಡುಗಿಯರು ಮತ್ತೆ ಜಗಳ ಆಡಬಾರದು."

ನನ್ನ ಮೈಯ ಒಂದೊಂದು ಕೂದಲೂ ನೆಟ್ಟಗೆ ನಿಂತಿತು (ತಲೆಯ ಮೇಲೆ ನಿಲ್ಲಲು ಏನೂ ಉಳಿದಿಲ್ಲ). ಆದರೆ ಮಾತು ಮುಟ್ಟಿಸಿದೆ. ಏನೋ ಹೊಳೆಯಿತು ಎಂಬಂತೆ, ಕಿತ್ತಳೆ ಸಿಪ್ಪೆ, ಎರಡು ಚಮಚ ವೈನು ಎಂದೆ.

ಹನ್ನೆರಡನೆಯದನ್ನು ಬಾಯಿಗಿಟ್ಟು ಇಬ್ಬರೂ ಒಟ್ಟಿಗೆ ಅತ್ತರು. "ಅಮ್ಮ," ಎಂದಳು ನೆಲಿದಾ. "ಅಮ್ಮನೇ," ಎಂದಳು ಸುಲ್ಮಾ. ನನ್ನ ಎದೆ ತುಂಬಿ ಬಂತು. ಆಮೇಲೆ ಸುಲ್ಮಾ ಚಮಚ ಕೆಳಗಿಟ್ಟಳು.

"ಅಂದ್ರೆ ಅಳಿಸೋಕೆ ಮುಂಚೆ ನೀನು ಪೂರ್ತಿ ಕೇಳಿದ್ದೆ."

ನಾನು ಸತ್ಯ ಹೇಳಿದೆ. ಪ್ಲಗ್ ಇಲ್ಲದ ಟಿವಿಯ ಕತೆಯನ್ನು ನೆಲಿದಾ ಕೊನೆಯವರೆಗೂ ಕೇಳಿಸಿಕೊಂಡು, ಅಕ್ಕನ ತಟ್ಟೆಗೆ ಇನ್ನೊಂದು ತುಂಡು ಬಡಿಸಿದಳು. ಅಕ್ಕತಂಗಿಯರು ಈಗ ಒಂದೇ ಜೀವ. ಸುಲ್ಮಾ ಸಾಲ್ಟೋಗೆ ಹೋಗುವ ಮಾತೇ ಎತ್ತುತ್ತಿಲ್ಲ. ನನ್ನ ಮಂಚವನ್ನು ಹಿಂದಿನ ಕೋಣೆಗೆ ಹಾಕಿದ್ದಾರೆ. ಈ ಮನೆಯಲ್ಲಿ ನನ್ನ ಜೊತೆ ಮಾತನಾಡುವವರು ಈಗ ಅತ್ತೆಯೊಬ್ಬರೇ.